ಗಾಳದ ಜೊತೆಗೆ ಕೆರೆಯನ್ನೂ ಮಕ್ಕಳಿಗೆ ಕೊಡೋಣ

ಬೇಸಾಯ ಶಾಸ್ತ್ರದ ವಿಜ್ಞಾನಿಯಾದ ನಾನು ಸಾಮಾನ್ಯವಾಗಿ ಬಿತ್ತನೆ, ಕಳೆ, ಗೊಬ್ಬರಗಳ ವಿಷಯ ಬರೆಯುವವನು. ಈ ಬಾರಿ ಗಾಳ ಹಾಕುವ ವಿಷಯ ಬರೆಯುತ್ತಿರುವುದನ್ನು ಕಂಡು ತಮಗೆ ಆಶ್ಚರ್ಯವಾಗಬಹುದು. ಆದರೆ ಮೀನಿಗೂ ಬೇಸಾಯಕ್ಕೂ ಇರುವ ಸಂಬಂಧ ನಾವು ತಿಳಿದಿರುವುದಕ್ಕಿಂತ ಹತ್ತಿರದ್ದು. ಹೊಲದಲ್ಲಿ ನಾವು ಮಾಡುವ ಕೆಲಸ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕೆ ಕೆರೆಯ ಮೀನು ಸಾಕ್ಷಿ ಹೇಳುತ್ತದೆ. ಮೀನು ತಿನ್ನದ ಮನೆಯವರೂ ಈ ಮಾತನ್ನು ಗಮನಿಸಬೇಕೆಂದು ಕೋರುತ್ತೇನೆ.

ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ರೈಲಿನಲ್ಲಿ ಕವಲಂದೆ ದಾಟಿದ ಮೇಲೆ ಬದನಗುಪ್ಪೆ ಸಿಗುತ್ತದೆ. ನನ್ನ ಹುಟ್ಟೂರು ಆ ಕಡೆಯದು. ಈಗ ಬದನಗುಪ್ಪೆ ಮತ್ತು ಕೆಲ್ಲಂಬಳ್ಳಿಯ ಬಳಿ ಕೈಗಾರಿಕಾ ಪ್ರದೇಶ ತಲೆ ಎತ್ತಿದೆ. ನನ್ನ ಬಾಲ್ಯದಲ್ಲಿ ಅಲ್ಲೆಲ್ಲ ಜೋಳ, ಹುರುಳಿ, ಹತ್ತಿ, ಸೂರ್ಯಕಾಂತಿಯ ಹೊಲಗಳಿದ್ದವು. ನಮ್ಮ ಜಮೀನಿನ ಕೆಳಗಡೆ ಒಂದು ಕಟ್ಟೆ ಇತ್ತು. ಮಳೆ ಚೆನ್ನಾಗಿ ಬಂದ ವರ್ಷ ಅದರಲ್ಲಿ ಆಳುದ್ದ ನೀರು ನಿಲ್ಲುತ್ತಿತ್ತು. ನಮ್ಮ ತಾತನವರು ಸಂಜೆಯ ಹೊತ್ತು ಆ ಕಟ್ಟೆಯ ಏರಿಯ ಮೇಲೆ ಗಾಳ ಹಿಡಿದು ಕೂರುತ್ತಿದ್ದರು. ಅವರಿಂದ ನಮ್ಮ ತಂದೆಯವರು ಕಲಿತರು, ತಂದೆಯವರ ಪಕ್ಕ ಕುಳಿತು ನಾನು ಕಲಿತೆ. ಈಗ ನನ್ನ ಮಗಳು ಕಲಿಯುತ್ತಿದ್ದಾಳೆ. ನಡುವೆ ಒಂದಷ್ಟು ವರ್ಷ ಈ ಸರಪಳಿ ಕಡಿದುಹೋಗಿತ್ತು. ಅದು ಕಡಿದುದು ಹೇಗೆ, ಮತ್ತೆ ಕೂಡಿದುದು ಹೇಗೆ ಎಂಬುದನ್ನು ತಿಳಿಸಿದರೆ ತಮಗೂ ಉಪಯೋಗವಾದೀತೆಂದು ಈ ಲೇಖನ ಬರೆದಿದ್ದೇನೆ.

ಬಹು ಹಿಂದಿನಿಂದ ಬಂದ ಅಭಿರುಚಿ

ಗಾಳ ಹಾಕುವುದು ಹೊಟ್ಟೆಪಾಡಿಗೆ ಮಾತ್ರ ಎಂದು ಭಾವಿಸುವವರಿದ್ದಾರೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ 'ಮತ್ಸ್ಯವಿನೋದ' ಎಂಬ ಭಾಗವೇ ಇದೆ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳ ಹೆಸರು, ಅವು ಹೊಳೆಯವೋ ಕಡಲಿನವೋ, ಯಾವುದಕ್ಕೆ ಯಾವ ಆಹಾರ ಹಿಡಿಸುತ್ತದೆ, ಗಾಳದ ದಾರ ಹೇಗಿರಬೇಕು ಮುಂತಾದ ವಿವರಗಳು ಅದರಲ್ಲಿವೆ. ಮೀನು ವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಭಾಗವನ್ನು ಅಭ್ಯಾಸ ಮಾಡಿ ಲೇಖನ ಪ್ರಕಟಿಸಿದರು. ಅರಸನಿಗೆ ಅದು ವಿನೋದವಾಗಿದ್ದಂತೆಯೇ ಕೆರೆ ಹೊಳೆಗಳ ಅಂಚಿನಲ್ಲಿದ್ದ ಬೆಸ್ತರ ಮನೆಗಳಲ್ಲಿ ಅದು ತಂದೆಯಿಂದ ಮಗನಿಗೆ ಬರುವ ಕಸುಬಾಗಿತ್ತು. ಹರಿಗೋಲು ನಡೆಸುವುದು, ಬೀಸುಬಲೆ ಎಸೆಯುವುದು, ಹತ್ತಿ ನೂಲಿನ ಬಲೆಯನ್ನು ಮರದ ತೊಗಟೆಯ ಬಣ್ಣದಲ್ಲಿ ಅದ್ದಿ ಬಾಳಿಕೆ ಬರುವಂತೆ ಮಾಡುವುದು, ಇವೆಲ್ಲ ಪುಸ್ತಕವಿಲ್ಲದೆ ಕಲಿತ ವಿದ್ಯೆಗಳು. ನೈಲಾನ್ ಬಲೆ ಬಂದ ಮೇಲೆ ತೊಗಟೆಯ ಬಣ್ಣ ಬೇಡವಾಯಿತು. ಆದರೆ ನೀರನ್ನು ನೋಡಿ ಮೀನಿನ ಜಾಡು ತಿಳಿಯುವ ಕಣ್ಣು ಇಂದಿಗೂ ಬೇಕು.

ನಮ್ಮಂತಹ ಬೇಸಾಯದ ಮನೆಗಳಲ್ಲಿ ಇದು ಬಿಡುವಿನ ವೇಳೆಯ ಖುಷಿ. ಬಿದಿರಿನ ಕಡ್ಡಿ, ದಾರ, ಜೋಳದ ದಂಟಿನ ಬೆಂಡು, ಒಂದು ಕೊಕ್ಕೆ, ಮೇವಿಗೆ ತಿಪ್ಪೆಯ ಎರೆಹುಳು ಇಲ್ಲವೆ ರಾಗಿ ಮುದ್ದೆಯ ಚೂರು. ಇಷ್ಟರಲ್ಲಿ ಎಲ್ಲವೂ ಮುಗಿಯುತ್ತಿತ್ತು.

ತಾತ ಹೇಳಿಕೊಟ್ಟ ಕಟ್ಟಳೆಗಳು

ತಾತನವರು ಗಾಳ ಹಾಕುವುದನ್ನು ಕಲಿಸಿದ್ದು ಒಂದೇ ದಿನದಲ್ಲಿ. ಯಾವಾಗ ಹಾಕಬಾರದು ಎಂಬುದನ್ನು ಕಲಿಸಲು ಅವರಿಗೆ ಹಲವು ವರ್ಷಗಳು ಬೇಕಾದವು. ಅವರು ಓದಿದವರಲ್ಲ. ಆದರೆ ಅವರ ಒಂದೊಂದು ಕಟ್ಟಳೆಗೂ ವಿಜ್ಞಾನದ ಆಧಾರವಿರುವುದನ್ನು ನಾನು ಮುಂದೆ ಓದಿ ತಿಳಿದೆ.

ಮೊದಲನೆಯದು, ಹೊಸ ಮಳೆಯ ನೀರು ಕೆರೆಗೆ ಹರಿದು ಬರುವಾಗ ಮೀನು ಆ ನೀರಿಗೆ ಎದುರಾಗಿ ಹಳ್ಳಕ್ಕೆ ಏರುತ್ತದೆ. ಆ ದಿನಗಳಲ್ಲಿ ಹಳ್ಳದ ಬಾಯಿಗೆ ಬಲೆ ಕಟ್ಟಬಾರದು. ಹೀಗೆ ಏರುವ ಮೀನುಗಳ ಹೊಟ್ಟೆಯಲ್ಲಿ ಮೊಟ್ಟೆಯಿರುತ್ತದೆ. ಅಂದು ಒಂದು ಬುಟ್ಟಿ ಮೀನು ಸಿಕ್ಕಿತೆಂದು ಹಿಗ್ಗಿದರೆ ಮುಂದಿನ ವರ್ಷದ ಕೆರೆ ಬರಿದಾಗುತ್ತದೆ.

ಎರಡನೆಯದು, ಕೊರವ ಮೀನಿನ ವಿಷಯ. ಹಾವಿನಂತಹ ತಲೆಯ ಈ ಮೀನು ಮೊಟ್ಟೆಯಿಟ್ಟ ಮೇಲೆ ಬಿಟ್ಟು ಹೋಗುವುದಿಲ್ಲ. ತಂದೆ ತಾಯಿ ಮೀನುಗಳು ಮರಿಗಳನ್ನು ಕಾಯುತ್ತವೆ. ನೀರಿನ ಮೇಲೆ ಕೆಂಪನೆಯ ಸಣ್ಣ ಮರಿಗಳ ಗುಂಪು ಕುದಿಯುವಂತೆ ಕಾಣಿಸಿದರೆ ಅದರ ಕೆಳಗೆ ದೊಡ್ಡ ಮೀನು ಇದ್ದೇ ಇರುತ್ತದೆ. ಆ ಹೊತ್ತಿನಲ್ಲಿ ಅದು ಏನನ್ನು ಕಂಡರೂ ಮೇಲೆ ಬೀಳುವುದರಿಂದ ಹಿಡಿಯುವುದು ಬಹಳ ಸುಲಭ. ನಾನು ಚಿಕ್ಕಂದಿನಲ್ಲಿ ಒಮ್ಮೆ ಅಂತಹ ಕಡೆ ಗಾಳ ಬಿಡಲು ಹೋದಾಗ ತಾತ ಕಡ್ಡಿಯನ್ನು ಕಿತ್ತುಕೊಂಡರು.

"ಮೊಗ, ಮರಿ ಕಾಯೋ ಮೀನ ಹಿಡ್ದ್ರೆ ಒಂದ್ ಮೀನ ಹಿಡ್ದಂಗಲ್ಲ ಕನ, ಕಟ್ಟೆನೆ ಹಿಡ್ದಂಗೆ" ಎಂದರು.

ಮೂರನೆಯದು, ಮನೆಗೆ ಬೇಕಾದಷ್ಟು ಸಿಕ್ಕಿದ ಕೂಡಲೆ ಏಳಬೇಕು. ನಾಲ್ಕನೆಯದು, ಸಣ್ಣ ಮೀನು ಸಿಕ್ಕರೆ ಕೈಯನ್ನು ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿ ನೀರಿಗೆ ಬಿಡಬೇಕು. ಒಣ ಕೈಯಲ್ಲಿ ಹಿಡಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಆ ಲೋಳೆಯೇ ಅದಕ್ಕೆ ರೋಗ ಬಾರದಂತೆ ಕಾಯುವ ಹೊದಿಕೆ. ಐದನೆಯದು, ಕಾರೆಕಾಯಿ ಜಜ್ಜಿ ಹಾಕಿ ಮೀನು ಹಿಡಿಯುವುದು ಗಂಡಸುತನವಲ್ಲ. ಇಂತಹ ವಿಷಪ್ರಯೋಗವನ್ನೂ ಸಿಡಿಮದ್ದನ್ನೂ 1897ರ ಭಾರತೀಯ ಮೀನುಗಾರಿಕಾ ಕಾಯಿದೆಯೇ ನಿಷೇಧಿಸಿತ್ತು. ಕರ್ನಾಟಕದ 1996ರ ಒಳನಾಡು ಮೀನುಗಾರಿಕೆ ಕಾಯಿದೆಯೂ ಇದನ್ನು ಅಪರಾಧವೆನ್ನುತ್ತದೆ.

ನನ್ನಿಂದಾದ ತಪ್ಪು

ಈಗ ಹೇಳಲು ಮನಸ್ಸು ಹಿಂಜರಿಯುವ ಸಂಗತಿಗೆ ಬರುತ್ತೇನೆ. 2005ರಲ್ಲಿ ಮಳೆ ಚೆನ್ನಾಗಿ ಆಗಿ ನಮ್ಮ ಕಟ್ಟೆ ತುಂಬಿತ್ತು. ನಾನು ಆಗ ಕೃಷಿ ಸ್ನಾತಕೋತ್ತರ ವಿದ್ಯಾರ್ಥಿ. ಹತ್ತಿಗೆ ಕಾಯಿಕೊರಕ ಬಿದ್ದಿದೆ ಎಂದು ತಂದೆಯವರು ತಿಳಿಸಿದಾಗ ಔಷಧಿಯ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಡಬ್ಬಿಯ ಮೇಲೆ ನೀಲಿ ತ್ರಿಕೋನವಿರುವ ಔಷಧಿಯನ್ನೇ ಆರಿಸಿದ್ದೆ. ಕೆಂಪು, ಹಳದಿಗಿಂತ ನೀಲಿ ಕಡಿಮೆ ವಿಷವೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು. ಸಿಂಪಡಿಸಿದ ಮೇಲೆ ಸ್ಪ್ರೇಯರನ್ನು ಚೆನ್ನಾಗಿ ತೊಳೆದಿಡಿ ಎಂದೂ ಹೇಳಿದ್ದೆ. ಎಲ್ಲಿ ತೊಳೆಯಬೇಕು ಎಂದು ಹೇಳಿರಲಿಲ್ಲ.

ತಂದೆಯವರು ಕಟ್ಟೆಗೆ ನೀರು ಹೋಗುವ ಕಾಲುವೆಯಲ್ಲಿ ತೊಳೆದರು. ಉಳಿದಿದ್ದ ಅರ್ಧ ಟ್ಯಾಂಕು ದ್ರಾವಣವನ್ನೂ ಅಲ್ಲೇ ಚೆಲ್ಲಿದರು. ಮರುದಿನ ಬೆಳಿಗ್ಗೆ ಪಕ್ಕೆ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮಧ್ಯಾಹ್ನದ ವೇಳೆಗೆ ಕೊರವ ಮೀನುಗಳೂ ತೇಲಿದವು. ಸುದ್ದಿ ತಿಳಿದು ನಾನು ಊರಿಗೆ ಬಂದಾಗ ತಾತನವರು ಒಂದು ಮಂಕರಿಯಲ್ಲಿ ಸತ್ತ ಮೀನುಗಳನ್ನು ಆರಿಸಿ ತಂದು, ನಾಯಿ ತಿನ್ನದಂತೆ, ಮಕ್ಕಳು ಮನೆಗೆ ಒಯ್ಯದಂತೆ ಗುಂಡಿ ತೋಡಿ ಮುಚ್ಚುತ್ತಿದ್ದರು. ಅವರಿಗೆ ಆಗ ಎಂಬತ್ತು ದಾಟಿತ್ತು.

"ಯಾವ ಔಷ್ದಿ ಮೊಗ ಬರ್ಕೊಟ್ಟಿದ್ದು?" ಎಂದು ಒಮ್ಮೆ ಕೇಳಿದರು. ನಾನು ಹೆಸರು ಹೇಳಿದೆ. ಅವರು ಮತ್ತೇನೂ ಕೇಳಲಿಲ್ಲ. ಆ ಮೇಲೆ ಅವರು ಗಾಳ ಹಿಡಿಯಲಿಲ್ಲ. ಎರಡು ವರ್ಷಗಳ ನಂತರ ತೀರಿಕೊಂಡರು. ತಂದೆಯವರಿಗೂ ಆ ಏರಿಯ ಮೇಲೆ ಕೂರುವ ಮನಸ್ಸು ಬರಲಿಲ್ಲ.

ರೈತ ಬಾಂಧವರೇ, ಇಲ್ಲಿ ತಾವು ತಿಳಿಯಬೇಕಾದ ಮುಖ್ಯ ವಿಷಯ ಒಂದಿದೆ. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನು ನಿರ್ಧರಿಸುವುದು ಇಲಿ ಮುಂತಾದ ಸಸ್ತನಿ ಪ್ರಾಣಿಗಳ ಮೇಲೆ ಮಾಡಿದ ಪರೀಕ್ಷೆಯಿಂದ. ಅದು ಮನುಷ್ಯನಿಗೆ ಎಷ್ಟು ಅಪಾಯ ಎಂಬುದನ್ನು ತಿಳಿಸುತ್ತದೆ. ಮೀನಿಗೆ ಎಷ್ಟು ಅಪಾಯ ಎಂಬುದನ್ನು ಆ ಬಣ್ಣ ತಿಳಿಸುವುದಿಲ್ಲ. ಉದಾಹರಣೆಗೆ, ಸೈಪರ್‌ಮೆತ್ರಿನ್, ಡೆಲ್ಟಾಮೆತ್ರಿನ್ ಮುಂತಾದ ಪೈರೆಥ್ರಾಯ್ಡ್ ಗುಂಪಿನ ಔಷಧಿಗಳು ಒಂದು ಲೀಟರ್ ನೀರಿನಲ್ಲಿ ಕೆಲವೇ ಮೈಕ್ರೋಗ್ರಾಂ ಇದ್ದರೂ ಮೀನು ಸಾಯುತ್ತದೆ. ಒಂದು ಮೈಕ್ರೋಗ್ರಾಂ ಎಂದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಭಾಗ. ಕ್ಲೋರ್‌ಪೈರಿಫಾಸ್ ಕೂಡ ಮೀನಿಗೆ ಬಹಳ ವಿಷ. ಮೀನಿಗೆ ಅತ್ಯಂತ ಮಾರಕವಾಗಿದ್ದ ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟು 2011ರಲ್ಲಿ ತಡೆಹಿಡಿಯಿತು. ಆದರೆ ಉಳಿದವು ಅಂಗಡಿಯಲ್ಲಿ ದೊರೆಯುತ್ತಲೇ ಇವೆ.

ಕೆರೆಗೆ ವಿಷ ಸೇರದಂತೆ ನೋಡಿಕೊಳ್ಳಲು ಮಾಡಬೇಕಾದುದು

ನಮ್ಮ ಭಾಗದ ಕೆರೆಗಳು ಹಲವು ವರ್ಷ ಒಣಗಿಯೇ ಇರುತ್ತಿದ್ದವು. ಇತ್ತೀಚಿನ ವರ್ಷಗಳಲ್ಲಿ ಕಬಿನಿಯ ನೀರನ್ನು ಮೇಲೆತ್ತಿ ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳ ಹಲವು ಕೆರೆಗಳಿಗೆ ತುಂಬಿಸುವ ಕೆಲಸ ನಡೆದಿದೆ. ಕೆರೆಗೆ ನೀರು ಬಂದುದು ಸಂತೋಷ. ಆದರೆ ಏರಿಯ ಕೆಳಗೂ ಮೇಲೂ ಅರಿಶಿನ, ಬಾಳೆ, ತರಕಾರಿ, ಸಣ್ಣ ಈರುಳ್ಳಿ ಬೆಳೆಯುವ ನಾವು ಬಳಸುವ ಔಷಧಿ ಗೊಬ್ಬರಗಳೂ ಅದೇ ನೀರಿಗೆ ಸೇರುತ್ತವೆ. ಆದುದರಿಂದ ಈ ಕೆಳಗಿನ ಕ್ರಮಗಳನ್ನು ತಪ್ಪದೆ ಅನುಸರಿಸಬೇಕು.

1. ಸ್ಪ್ರೇಯರನ್ನು ಕೆರೆ, ಕಟ್ಟೆ, ಕಾಲುವೆ, ಬಾವಿಯ ಹತ್ತಿರ ತೊಳೆಯಬಾರದು. ಬಿಂದಿಗೆಯಲ್ಲಿ ನೀರು ಒಯ್ದು, ಔಷಧಿ ಸಿಂಪಡಿಸಿದ ಹೊಲದಲ್ಲಿಯೇ ತೊಳೆದು, ಆ ನೀರನ್ನು ಅದೇ ಬೆಳೆಯ ಮೇಲೆ ಚಿಮುಕಿಸಬೇಕು.

2. ಎಷ್ಟು ಬೇಕೋ ಅಷ್ಟೇ ದ್ರಾವಣ ತಯಾರಿಸಬೇಕು. ಉಳಿಯದಿದ್ದರೆ ಚೆಲ್ಲುವ ಪ್ರಶ್ನೆಯೇ ಬರುವುದಿಲ್ಲ.

3. ನೀರಿನ ಅಂಚಿನಿಂದ ಕೆಲವು ಮಾರು ಜಾಗದಲ್ಲಿ ಉಳುಮೆ ಮಾಡದೆ ಹುಲ್ಲನ್ನು ಬೆಳೆಯಲು ಬಿಡಬೇಕು. ಹೊಲದಿಂದ ಕೊಚ್ಚಿ ಬರುವ ಮಣ್ಣನ್ನೂ ಅದಕ್ಕೆ ಅಂಟಿದ ಔಷಧಿಯನ್ನೂ ಈ ಹುಲ್ಲು ತಡೆಯುತ್ತದೆ. ದನಕ್ಕೆ ಮೇವೂ ಆಗುತ್ತದೆ.

4. ಗಾಳಿ ನೀರಿನ ಕಡೆಗೆ ಬೀಸುತ್ತಿರುವಾಗ, ಮೋಡ ಕವಿದು ಮಳೆ ಬರುವ ಸೂಚನೆ ಇರುವಾಗ ಸಿಂಪಡಿಸಬಾರದು.

5. ಖಾಲಿ ಡಬ್ಬಿಗಳನ್ನು ನೀರಿಗೆ ಎಸೆಯಬಾರದು. ಮನೆಯಲ್ಲಿ ನೀರು, ಎಣ್ಣೆ ತುಂಬಿಡಲೂ ಬಳಸಬಾರದು.

6. ಡಬ್ಬಿಯ ಜೊತೆಗಿರುವ ಚೀಟಿಯಲ್ಲಿ ಮೀನಿಗೆ ಅಪಾಯ ಎಂಬ ಎಚ್ಚರಿಕೆ ಇದೆಯೇ ಎಂದು ಓದಿ ನೋಡಬೇಕು. ಅಕ್ಷರ ಸಣ್ಣದಾಗಿದ್ದರೆ ಓದುವ ಮಕ್ಕಳಿಂದ ಓದಿಸಬೇಕು. ಅವರಿಗೂ ಅದು ಒಂದು ಪಾಠ.

ಕೃಷಿ ಹೊಂಡದಲ್ಲಿ ಮೀನು

ಊರ ಕೆರೆಯ ಮೀನು ಹಿಡಿಯುವ ಹಕ್ಕನ್ನು ಅನೇಕ ಕಡೆ ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. ಅಂತಹ ಕಡೆ ಕೇಳಿಯೇ ಗಾಳ ಹಾಕಬೇಕು. ಅವರು ಹಣ ತೆತ್ತು ಮರಿ ಬಿಟ್ಟಿರುತ್ತಾರೆ ಎಂಬುದನ್ನು ಮರೆಯಬಾರದು. ಹಾಗಾದರೆ ಮಕ್ಕಳಿಗೆ ಕಲಿಸುವುದೆಲ್ಲಿ? 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಒಣಭೂಮಿಯ ಅನೇಕ ಹೊಲಗಳಲ್ಲಿ ಹೊಂಡಗಳಾಗಿವೆ. ನಾವು ಮತ್ತೆ ಶುರು ಮಾಡಿದುದು ಅಂತಹ ಒಂದು ಹೊಂಡದಲ್ಲಿಯೇ.

ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ಗೆಂಡೆ ಮೀನುಗಳನ್ನು ಒಟ್ಟಿಗೆ ಸಾಕಬಹುದು. ಕಾಟ್ಲಾ ಮೇಲ್ಭಾಗದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವುದರಿಂದ ಒಂದಕ್ಕೊಂದು ಪೈಪೋಟಿ ಕಡಿಮೆ. ಇವು ಉತ್ತರದ ಹೊಳೆಗಳ ಮೀನುಗಳು. ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಮೀನಿನಿಂದ ಮೊಟ್ಟೆ ಇಡಿಸುವಲ್ಲಿ ಯಶಸ್ವಿಯಾದ ಮೇಲೆಯೇ ಬಿತ್ತನೆ ಮರಿಗಳು ಎಲ್ಲೆಡೆ ದೊರೆಯುವಂತಾಯಿತು. ಆದುದರಿಂದ ಹೊಂಡಕ್ಕೆ ಪ್ರತಿ ಬಾರಿಯೂ ಹೊಸ ಮರಿ ತರಬೇಕು.

ಒಂದು ಗುಂಟೆ ನೀರಿಗೆ 50 ಮರಿಗಳು ಸಾಕು. 21 ಮೀಟರ್ ಉದ್ದ, 21 ಮೀಟರ್ ಅಗಲದ ಹೊಂಡಕ್ಕೆ 200 ಮರಿಗಳನ್ನು, ಅಂದರೆ 80 ಕಾಟ್ಲಾ, 60 ರೋಹು, 60 ಮೃಗಾಲ್ ಬಿಡಬಹುದು. ಕನಿಷ್ಠ ಐದು ಅಡಿ ನೀರು ಎಂಟು ಹತ್ತು ತಿಂಗಳು ನಿಲ್ಲುವಂತಿರಬೇಕು. ಬೇಗ ಬತ್ತುವ ಹೊಂಡವಾದರೆ ಬೇಗ ಬೆಳೆಯುವ ಸಾಮಾನ್ಯ ಗೆಂಡೆ ವಾಸಿ. ಆದರೆ ಅದು ಮಣ್ಣಿನ ದಡವನ್ನು ಕೆದಕುತ್ತದೆ.

ಮಣ್ಣಿನ ಹೊಂಡಕ್ಕೆ ಗುಂಟೆಗೆ 2 ಕಿ.ಗ್ರಾಂ ಸುಣ್ಣ ಹಾಕಿ, ಒಂದು ವಾರದ ನಂತರ 20 ಕಿ.ಗ್ರಾಂ ಸಗಣಿ ಹಾಕಬೇಕು. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಸಗಣಿಯನ್ನು ಒಮ್ಮೆಲೇ ಸುರಿಯದೆ ಬಗ್ಗಡ ಮಾಡಿ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ನೀರು ತಿಳಿ ಹಸಿರಾದ ಮೇಲೆ ಮರಿ ತರಬೇಕು. ಮರಿಗಳ ಚೀಲವನ್ನು 15 ರಿಂದ 20 ನಿಮಿಷ ಹೊಂಡದಲ್ಲಿ ತೇಲಿಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಸಮನಾಗಿ ತಣಿದ ಮೇಲೆ ಬಾಯಿ ಬಿಚ್ಚಬೇಕು. ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಭಾಗ ಬೆರೆಸಿ, ಮೀನಿನ ಒಟ್ಟು ತೂಕದ ನೂರಕ್ಕೆ 2 ಭಾಗದಂತೆ ದಿನವೂ ಹಾಕಬೇಕು. ಒಂದೊಂದು ಮೀನು 100 ಗ್ರಾಂ ತೂಗುವಾಗ 200 ಮೀನುಗಳಿಗೆ ದಿನಕ್ಕೆ 400 ಗ್ರಾಂ ಆಯಿತು. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿದೆ ಎಂದು ತಿಳಿದು, ಸಗಣಿ ಹಿಂಡಿ ನಿಲ್ಲಿಸಿ ಹೊಸ ನೀರು ಬಿಡಬೇಕು. ಈ ಹೊಂಡದ ನೀರು ಬೆಳೆಗೂ ಒಳ್ಳೆಯದು. ಅದರಲ್ಲಿ ಸಾರಜನಕ, ರಂಜಕಗಳಿರುತ್ತವೆ.

ಆಫ್ರಿಕಾದ ಕ್ಯಾಟ್‌ಫಿಶ್ ಮರಿಗಳನ್ನು ಯಾರೇ ಅಗ್ಗವಾಗಿ ಕೊಟ್ಟರೂ ತರಬಾರದು. ಅದರ ಸಾಕಣೆಯನ್ನು 2000ದಲ್ಲಿಯೇ ನಿಷೇಧಿಸಲಾಗಿದೆ. ಮಳೆಗೆ ಹೊಂಡ ತುಂಬಿ ಹರಿದರೆ ಅದು ಹಳ್ಳ ಸೇರಿ ನಮ್ಮ ನಾಡಿನ ಮೀನುಗಳನ್ನು ತಿಂದುಬಿಡುತ್ತದೆ. ಮರಿಗಳ ಬಗ್ಗೆ ಮೀನುಗಾರಿಕೆ ಇಲಾಖೆಯನ್ನೂ, ಹೊಂಡದ ನಿರ್ವಹಣೆಯ ಬಗ್ಗೆ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನೂ ವಿಚಾರಿಸಬಹುದು.

ಮಕ್ಕಳ ಜೀವ ಮೊದಲು

ಕೃಷಿ ಹೊಂಡಗಳಲ್ಲಿ ಮಕ್ಕಳು ಮುಳುಗಿದ ಸುದ್ದಿಗಳನ್ನು ತಾವು ಓದಿರುತ್ತೀರಿ. ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ ಕಟ್ಟಿದರೆ ಈಜು ಬಲ್ಲವನಿಗೂ ಮೇಲೆ ಹತ್ತಲು ಬರುವುದಿಲ್ಲ. ಇಳಿಜಾರಿನಲ್ಲಿ ಕಾಲು ಜಾರುತ್ತಲೇ ಇರುತ್ತದೆ. ಆದುದರಿಂದ ಮೀನು ಮರಿ ತರುವುದಕ್ಕೆ ಮೊದಲು ಸುತ್ತಲೂ ಬೇಲಿ ಹಾಕಿ, ಬಾಗಿಲಿಗೆ ಬೀಗ ಹಾಕಿ. ನಾಲ್ಕು ಕಡೆಯೂ ಗಟ್ಟಿ ಗೂಟಕ್ಕೆ ಗಂಟು ಹಾಕಿದ ಹಗ್ಗ ಕಟ್ಟಿ ನೀರಿನವರೆಗೆ ಇಳಿಬಿಡಿ. ಹಳೆಯ ಟೈರುಗಳನ್ನು ಹಗ್ಗಕ್ಕೆ ಕಟ್ಟಿ ಮೆಟ್ಟಿಲಿನಂತೆ ಬಿಡುವುದು ಇನ್ನೂ ಉತ್ತಮ. ದೊಡ್ಡವರಿಲ್ಲದೆ ಮಕ್ಕಳು ಒಳಗೆ ಹೋಗಬಾರದು. ಈಜು ಕಲಿಸಿದ ಮೇಲೆಯೇ ಗಾಳ ಕಲಿಸಿ. ಕೆರೆಯಲ್ಲಿ ಚೇಳುಮೀನು ಸಿಕ್ಕರೆ ಮಕ್ಕಳು ಕೈ ಹಾಕದಂತೆ ನೋಡಿಕೊಳ್ಳಿ. ಅದರ ಈಜುರೆಕ್ಕೆಯ ಮುಳ್ಳಿನಲ್ಲಿ ವಿಷವಿರುತ್ತದೆ. ಚುಚ್ಚಿದರೆ ತಾಳುವಷ್ಟು ಬಿಸಿಯಿರುವ ನೀರಿನಲ್ಲಿ ಕೈಯಿಟ್ಟು, ವೈದ್ಯರಿಗೆ ತೋರಿಸಬೇಕು.

ಕಬಿನಿಯ ದೊಡ್ಡ ಮೀನು

ಅಭಿರುಚಿ ಉಳಿದು ಮೀನೇ ಅಳಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಕ್ಕದ ಹೊಳೆಯೇ ಉದಾಹರಣೆ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದ ಡಿ ವೆಟ್ ವಾನ್ ಇಂಗೆನ್ ಅವರು ಕಬಿನಿಯಲ್ಲಿ ಗಾಳದಿಂದ 120 ಪೌಂಡ್, ಅಂದರೆ ಸುಮಾರು 54 ಕಿ.ಗ್ರಾಂ ತೂಕದ ಮಹಶೀರ್ ಮೀನನ್ನು ಹಿಡಿದರು. ಬೆನ್ನು ಉಬ್ಬಿದ ಈ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. 2018ರಲ್ಲಿ ವಿಜ್ಞಾನಿಗಳು ಇದನ್ನು 'ಟಾರ್ ರೆಮಾದೇವಿ' ಎಂಬ ಜಾತಿಯೆಂದು ಖಚಿತಪಡಿಸಿದರು. ಅದೇ ವರ್ಷ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿಸಲಾಯಿತು. ಅಣೆಕಟ್ಟುಗಳು, ಸಿಡಿಮದ್ದು, ಮರಳು ತೆಗೆಯುವುದು ಇವುಗಳ ಜೊತೆಗೆ, ಒಳ್ಳೆಯ ಉದ್ದೇಶದಿಂದಲೇ ಹೊಳೆಗೆ ತಂದು ಬಿಟ್ಟ ಬೇರೆ ಜಾತಿಯ ಮಹಶೀರ್ ಮರಿಗಳೂ ಇದಕ್ಕೆ ಕಾರಣವೆಂದು ಸಂಶೋಧಕರು ಅಭಿಪ್ರಾಯಪಟ್ಟಿದ್ದಾರೆ. ತಿಳಿಯದೆ ಮಾಡುವ ಒಳ್ಳೆಯದೂ ಕೆಡುಕಾಗಬಲ್ಲದು ಎಂಬುದನ್ನು ನಾನು ನಮ್ಮ ಕಟ್ಟೆಯಲ್ಲಿಯೇ ಕಂಡವನು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಹುಲಿ ರಕ್ಷಿತಾರಣ್ಯಗಳ ಒಳಗಿನ ಹೊಳೆ ಕೆರೆಗಳಲ್ಲಿ ಗಾಳ ಹಾಕುವುದು ಅಪರಾಧವೆಂಬುದನ್ನೂ ನೆನಪಿಡಿ.

ಕೊನೆಯ ಮಾತು

ನನ್ನ ಮಗಳಿಗೆ ಎಂಟು ವರ್ಷವಾದಾಗ ತಂದೆಯವರು ಅಟ್ಟದಿಂದ ತಾತನ ಬಿದಿರು ಕಡ್ಡಿಯನ್ನು ಇಳಿಸಿ ತಂದರು. ಅದಕ್ಕೆ ಗೆದ್ದಲು ಹಿಡಿದಿತ್ತು. ಹೊಸ ಕಡ್ಡಿ ಕಡಿದು, ಹಳೆಯ ಬೆಂಡನ್ನೇ ಕಟ್ಟಿಕೊಟ್ಟರು. ಮೊದಲ ದಿನ ಅವಳಿಗೆ ಅಂಗೈಯಗಲದ ರೋಹು ಸಿಕ್ಕಿತು. ನಾನು ಹೇಳುವ ಮೊದಲೇ ತಂದೆಯವರು, "ಕೈಯ ನೀರಲ್ ಅದ್ದಿ ಬುಡಿಸು ಕೂಸು" ಎಂದರು. ಅವಳು ಹಾಗೆಯೇ ಮಾಡಿ ಅದನ್ನು ನೀರಿಗೆ ಬಿಟ್ಟಳು.

ಹೊಂಡದ ಬಾಗಿಲಿನ ಪಕ್ಕದಲ್ಲಿ ತಂದೆಯವರು ಒಂದು ಹಲಗೆ ಕಟ್ಟಿಸಿದ್ದಾರೆ. ಇಲ್ಲಿ ಸ್ಪ್ರೇಯರ್ ತೊಳೆಯಬಾರದು ಎಂದು ಅದರ ಮೇಲೆ ಬರೆದಿದೆ. ಅಕ್ಷರ ನನ್ನ ಮಗಳದು. ಕೆಳಗಿನ ಹಳೆಯ ಕಟ್ಟೆಯಲ್ಲಿ ಮಳೆಗಾಲದಲ್ಲಿ ಪಕ್ಕೆ ಮೀನುಗಳು ಮತ್ತೆ ಕಾಣಿಸುತ್ತಿವೆ. ಕೊರವ ಇನ್ನೂ ಬಂದಿಲ್ಲ.

ರೈತ ಬಾಂಧವರೇ, ಮಕ್ಕಳಿಗೆ ಹೊಲ ಬಿಟ್ಟುಹೋಗುವಂತೆ ನೀರನ್ನೂ ಬಿಟ್ಟುಹೋಗಬೇಕು. ಗಾಳವನ್ನು ಅಂಗಡಿಯಲ್ಲಿ ಕೊಳ್ಳಬಹುದು. ಮೀನಿರುವ ಕೆರೆಯನ್ನು ಕೊಳ್ಳಲು ಬರುವುದಿಲ್ಲ. ಮುಂದಿನ ಬಾರಿ ಸ್ಪ್ರೇಯರ್ ಹೆಗಲಿಗೇರಿಸುವ ಮುನ್ನ ಅದನ್ನು ಎಲ್ಲಿ ತೊಳೆಯುವಿರಿ ಎಂಬುದನ್ನು ದಯವಿಟ್ಟು ನಿಶ್ಚಯಿಸಿಕೊಳ್ಳಿ.